ದುಭಾಷಿಯ ಉಮೇದವಾರಿ

ಹೆದರಿಕೆಯಾದರೆ ನನ್ನ ದನಿ ಓಡಿಹೋಗುತ್ತಿತ್ತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಓಡಿಹೋಗುತ್ತಿತ್ತು, ಮತ್ತು ಆ ಖಾಲಿ ಜಾಗದಲ್ಲಿ ಬೇರೆ ಯಾರದಾದರೂ ದನಿ ಬಂದು ಕೂತುಬಿಡುತ್ತಿತ್ತು. ಪುಣೆಯ ಮರಾಠಿ ಶಾಲೆಯಲ್ಲಿ ಮಾಸ್ತರರು ಒಮ್ಮೆ ಮಗ್ಗಿ ಒಪ್ಪಿಸಲು ಎಬ್ಬಿಸಿದರು. ಹೆದರುತ್ತಲೇ ಎದ್ದು ನಿಂತೆ. ಬಾಯಿ ತೆರೆದೆ, ಬಂದದ್ದು ಅವರದೇ ದನಿ. ಅದೇ ಮೂಗಿನ ರಾಗ, ನಡುನಡುವೆ ನಶ್ಯ ಏರಿಸಲು ಅವರು ತಡೆಯುವ ಅದೇ ತಡೆ. ಹುಡುಗರೆಲ್ಲ ನಕ್ಕರು. ನಾನು ಬೇಕೆಂದೇ ಮಾಡಿದೆ ಎಂದು ಮಾಸ್ತರರು ಕೈ ಊದುವ ಹಾಗೆ ಬಾರಿಸಿದರು. ಬೇಕೆಂದು ಮಾಡಲಿಲ್ಲ ಎಂದು ಹೇಳಹೋದರೆ ಅದೂ ಅವರ ದನಿಯಲ್ಲೇ ಬಂತು, ಮತ್ತೆರಡು ಬಿದ್ದವು.

ನಮ್ಮ ಅಪ್ಪ ಧಾರವಾಡದ ಕಡೆಯವರು. ಅಂಚೆ ಕಚೇರಿಯ ಕಾರಕೂನರಾಗಿ ಪುಣೆಗೆ ಬಂದಾಗ ನನಗೆ ಐದೋ ಆರೋ ವರ್ಷ. ಶನಿವಾರ ಪೇಠೆಯ ಒಂದು ವಾಡೆಯಲ್ಲಿ ನಮಗೆ ಎರಡು ಖೋಲಿ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ವಾಡೆಯ ಯಜಮಾನರು ಬಾಡಿಗೆದಾರರನ್ನು ಗದರಿಸುವುದು, ಹಾಲಿನವಳು ನೀರು ಬೆರೆಸಿಲ್ಲ ಎಂದು ಆಣೆ ಇಡುವುದು, ಪುರೋಹಿತರು ಮಂತ್ರದ ನಡುವೆ ದಕ್ಷಿಣೆಯ ನೆನಪು ಮಾಡುವುದು, ಎಲ್ಲವೂ ನನ್ನ ಗಂಟಲೊಳಗಿತ್ತು. ಅವ್ವ ಒಲೆಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಕ್ಕು ಸುಸ್ತಾದ ಮೇಲೆ ಬೈಯುತ್ತಿದ್ದಳು.

"ಸಾಕು ಮಾಡೋ, ಹೊಟ್ಟಿ ಹಿಡಕೊಂತು. ಮಂದಿ ದನಿ ಹಂಗೆಲ್ಲಾ ಕದೀಬಾರದಪ್ಪ, ಪಾಪ ಬರತದ."

ಪಾಪ ಬರಲಿಲ್ಲ, ಹೆಸರು ಬಂತು. ಗಣಪತಿ ಹಬ್ಬದ ಮೇಳಗಳಲ್ಲಿ ಹುಡುಗರು ಪದ ಹಾಡುವಾಗ ನಡುವೆ ಐದು ನಿಮಿಷ ನನ್ನನ್ನು ನಿಲ್ಲಿಸತೊಡಗಿದರು. ಒಬ್ಬನೇ ನಿಂತು ನಾಲ್ಕು ಜನರ ಜಗಳ ಆಡುತ್ತಿದ್ದೆ. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ನಕ್ಕಷ್ಟೂ ನನಗೆ ಒಳಗೊಳಗೇ ಕಸಿವಿಸಿ. ಇಳಿದು ಬಂದ ಮೇಲೆ ಯಾರಾದರೂ ಸುಮ್ಮನೆ ಮಾತಾಡಿಸಿದರೆ ಯಾವ ದನಿಯಲ್ಲಿ ಉತ್ತರ ಕೊಡಬೇಕು ಎಂದು ಒಂದು ಕ್ಷಣ ಹುಡುಕಬೇಕಾಗುತ್ತಿತ್ತು. ಈ ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದನ್ನೂ ಮಾಡಿ ತೋರಿಸು ಅನ್ನುತ್ತಿದ್ದರು.

ನನಗೆ ಬೇಕಾಗಿದ್ದುದು ಬೇರೆ. ಕೋರ್ಟಿನ ದುಭಾಷಿ ಆಗಬೇಕಾಗಿತ್ತು. ನಗಬೇಡಿ. ಬೇರೆ ಹುಡುಗರು ವಕೀಲ, ಡಾಕ್ಟರ ಎನ್ನುವಾಗ ನಾನು ದುಭಾಷಿ ಎನ್ನುತ್ತಿದ್ದೆ. ಅದಕ್ಕೆ ಕಾರಣ ಪುಣೆಯ ಸ್ಟೇಶನ್ನು. ಹತ್ತು ವರ್ಷದವನಿದ್ದಾಗ ಅಪ್ಪನ ಜೊತೆ ಯಾರನ್ನೋ ಕರೆತರಲು ಹೋಗಿದ್ದೆ. ನಮ್ಮ ಕಡೆಯ ಮುದುಕನೊಬ್ಬನನ್ನು ಟಿಕೀಟು ನೋಡುವವನು ಹಿಡಿದುಕೊಂಡಿದ್ದ. ಅವನು ಮರಾಠಿಯಲ್ಲಿ ಕೇಳುತ್ತಾನೆ, ಇವನು ಕನ್ನಡದಲ್ಲಿ ಹೇಳುತ್ತಾನೆ, ಇಬ್ಬರೂ ದನಿ ಏರಿಸುತ್ತಾರೆ. ಕೊನೆಗೆ ಮುದುಕನ ಕೆನ್ನೆಗೆ ಒಂದು ಬಿತ್ತು. ನಾನು ಅಪ್ಪನ ಕೈ ಬಿಡಿಸಿಕೊಂಡು ಓಡಿಹೋಗಿ, ಟಿಕೀಟು ಅವನ ಧೋತರದ ಚುಂಗಿನ ಗಂಟಿನಲ್ಲಿದೆ, ಕೈ ನಡುಗುವುದರಿಂದ ಬಿಚ್ಚಲು ಬರುತ್ತಿಲ್ಲ ಎಂದು ಮರಾಠಿಯಲ್ಲಿ ಹೇಳಿದೆ. ಅಷ್ಟೇ. ಗಂಟು ಬಿಚ್ಚಿದರು, ಟಿಕೀಟು ಸಿಕ್ಕಿತು, ಬಿಟ್ಟರು. ಆ ಹೊತ್ತು ನನಗೆ ಹೆದರಿಕೆ ಆಗಲಿಲ್ಲ, ದನಿ ನನ್ನದೇ ಇತ್ತು. ಅಂಥ ಕೆಲಸವೇ ನನಗೆ ಬೇಕು ಎಂದು ಅಂದೇ ತೀರ್ಮಾನ ಮಾಡಿದ್ದೆ.

ಮ್ಯಾಟ್ರಿಕ್ ಆದ ಮೇಲೆ ಕೋರ್ಟಿನಲ್ಲಿ ಉಮೇದವಾರನಾಗಿ ಕೂತೆ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಸಂಬಳವಿಲ್ಲದೆ ಕಚೇರಿಯ ಮೂಲೆಯಲ್ಲಿ ಕೂತು, ಹಿರಿಯ ಕಾರಕೂನರ ಕಾಗದ ನಕಲು ಮಾಡಿಕೊಡುತ್ತ, ಯಾರಾದರೂ ನಿವೃತ್ತರಾಗಲಿ ಅಥವಾ ಸಾಯಲಿ ಎಂದು ಕಾಯುವುದಕ್ಕೆ ಉಮೇದವಾರಿ ಎಂದು ಹೆಸರು. ಎರಡು ವರ್ಷ ಕಾದೆ. ಕನ್ನಡದ ದುಭಾಷಿ ಮುದುಕರು, ಆದರೆ ಗಟ್ಟಿ ಮುದುಕರು. ಅವರು ಕೆಮ್ಮಿದರೆ ನನಗೆ ಆಸೆ ಹುಟ್ಟುತ್ತಿತ್ತು, ಆಸೆ ಹುಟ್ಟಿದ್ದಕ್ಕೆ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ನಾಟಕ ಕಂಪನಿಯ ಮಾಲೀಕರು ಮನೆಗೇ ಬಂದರು. ಮೇಳದಲ್ಲಿ ನನ್ನನ್ನು ನೋಡಿದ್ದರಂತೆ. ಅವರ ಹಾಸ್ಯನಟ ಕಂಪನಿ ಬಿಟ್ಟಿದ್ದ. ಸೋಮವಾರ ಬೆಳಗಿನ ಗಾಡಿಗೆ ಕಂಪನಿ ಮುಂಬಯಿಗೆ ಹೊರಡುತ್ತದೆ, ಹಾಸಿಗೆ ಕಟ್ಟಿಕೊಂಡು ಸ್ಟೇಶನ್ನಿಗೆ ಬಾ, ಊಟ ವಸತಿ ಕಂಪನಿಯದು, ಸಂಬಳ ಮೊದಲ ತಿಂಗಳಿನಿಂದ ಎಂದರು. ಅವ್ವ ಒಳಗಿನಿಂದ ಚಹಾ ಕಳಿಸಲಿಲ್ಲ. ಅದೇ ಅವಳ ಉತ್ತರ. ಅವರು ಹೋದ ಮೇಲೆ ಬಾಯಿಬಿಟ್ಟೂ ಹೇಳಿದಳು.

"ಬಣ್ಣಾ ಹಚ್ಚಿದವಗ ಹೆಣ್ಣು ಕೊಡೋರು ಯಾರು?"

ಅಪ್ಪನೂ ಹಾಗೇ ಅನ್ನುತ್ತಾರೆ ಎಂದುಕೊಂಡಿದ್ದೆ. ಅಪ್ಪ ಗೂಟಕ್ಕೆ ಕೋಟು ಸಿಗಿಸಿ, ನನ್ನ ಕಡೆ ನೋಡದೆ ಹೇಳಿದರು.

"ಹೋಗು. ಉಮೇದವಾರಿ ಅಂದ್ರ ಉಪವಾಸಕ್ಕ ಸರಕಾರ ಇಟ್ಟ ಹೆಸರು. ನಾ ನಾಕು ವರ್ಷ ಮಾಡೀನಿ, ನನಗ ಗೊತ್ತದ. ದೇವ್ರು ನಿನಗೊಂದು ಬಾಯಿ ಕೊಟ್ಟಾನ. ಅದನ್ನ ಕಚೇರಿ ಮೂಲ್ಯಾಗ ಇಟ್ಟು ಬೂಸ್ಟ ಹಿಡಸಬ್ಯಾಡ."

ನನಗೆ ಸಿಟ್ಟು ಬಂತು. ಅಪ್ಪ ಬೇಡ ಅಂದಿದ್ದರೆ ಹಟ ಹಿಡಿದು ಕಂಪನಿಗೆ ಹೋಗಬಹುದಾಗಿತ್ತು, ಇಲ್ಲವೆ ಅಪ್ಪನ ಮಾತಿಗಾಗಿ ಬಿಟ್ಟೆ ಎಂದು ಜೀವನವಿಡೀ ಹೇಳಿಕೊಂಡು ತಿರುಗಬಹುದಾಗಿತ್ತು. ಹೋಗು ಅಂದರೆ ಏನು ಮಾಡಬೇಕು? ನಿರ್ಧಾರ ತಿರುಗಿ ನನ್ನ ಕೊರಳಿಗೇ ಬಿತ್ತು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ ಮೂರು ದಿನ ತಿರುಗಿದೆ. ಊಟ ಸೇರಲಿಲ್ಲ. ರಸ್ತೆಯಲ್ಲಿ ಯಾರು ಮಾತಾಡಿದರೂ ಅವರ ದನಿ ಬಂದು ಅಂಟಿಕೊಳ್ಳುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಶಿರಸ್ತೇದಾರರು ಕರೆದರು. ಕಚೇರಿಯ ಕಾರಕೂನರಿಗೆಲ್ಲ ಅವರೇ ಯಜಮಾನರು. ಬೆಳಗಾವಿಯವರು, ಆದ್ದರಿಂದ ನನ್ನ ಜೊತೆ ಮಾತ್ರ ಕನ್ನಡ.

"ನಮ್ಮ ದುಭಾಷಿಗೆ ಜ್ವರ ಬಂದದ. ನಾಳೆ ಕನ್ನಡದ್ದೊಂದು ಕೇಸ್ ಅದ. ಹಾಳೂರಿಗೆ ಉಳದಾವನ ಗೌಡ ಅಂತಾರಲ್ಲ, ಹಂಗ ಈಗ ನೀನು. ಛಲೋ ಮಾಡಿದಿ ಅಂದ್ರ ಸಾಹೇಬ್ರಿಗೆ ಹೇಳಿ ಖಾಯಂ ಮಾಡಸ್ತೀನಿ, ಮುದುಕ್ರು ಹೆಂಗೂ ಪೆನ್ಶನ್ ಕೇಳ್ಯಾರ. ಕೆಡಿಸಿದಿ ಅಂದ್ರ ನಾಟಕ ಕಂಪನಿಗೆ ಹೋಗು."

ನಾಟಕ ಕಂಪನಿಯ ಸುದ್ದಿ ಇವರಿಗೆ ಹೇಗೆ ಮುಟ್ಟಿತೋ. ಶನಿವಾರ ಕೇಸು, ಸೋಮವಾರ ಗಾಡಿ. ಒಂದು ರೀತಿಯಲ್ಲಿ ಹಗುರಾಯಿತು. ಶನಿವಾರ ಚೆನ್ನಾಗಿ ಮಾಡಿದರೆ ಕೋರ್ಟು, ಕೆಟ್ಟರೆ ಕಂಪನಿ ಎಂದು ನನ್ನಷ್ಟಕ್ಕೆ ಗೊತ್ತುಮಾಡಿಕೊಂಡೆ. ಹೇಡಿಯ ಉಪಾಯ, ಒಪ್ಪುತ್ತೇನೆ.

ಮರುದಿನ ಅವ್ವ ಕೊಟ್ಟ ಮಜ್ಜಿಗೆ ಅಷ್ಟೇ ಕುಡಿದು ಹೋದೆ. ಕೋರ್ಟಿನ ಜಗಲಿಯ ಮೇಲೆ ಆ ಕನ್ನಡದ ಕೇಸಿನವಳು ಕೂತಿದ್ದಳು. ವಿಜಾಪುರದ ಕಡೆಯಿಂದ ಕೂಲಿಗೆ ಬಂದವಳು, ಯೆರವಡಾದ ಆಚೆ ರಸ್ತೆಗೆ ಕಲ್ಲು ಒಡೆಯುವ ಗುಂಪಿನವಳು. ವಯಸ್ಸು ನನ್ನಷ್ಟೇ ಇರಬೇಕು. ಎಡಗೈಗೆ ಬಿದಿರಿನ ದಬ್ಬೆ ಕಟ್ಟಿತ್ತು, ಬಲಗೈಯಲ್ಲಿ ಕೂಸು. ಗುಂಪಿನ ಮುಕಾದಮ ಗುದ್ದಲಿಯ ಕಾವಿನಿಂದ ಹೊಡೆದು ಕೈ ಮುರಿದ ಎಂಬುದು ಅವಳ ಫಿರ್ಯಾದಿ. ಅವಳೇ ಕಾಲುಜಾರಿ ಕಲ್ಲಿನ ರಾಶಿಯ ಮೇಲೆ ಬಿದ್ದಳು ಎಂಬುದು ಅವನ ವಾದ. ನೋಡಿದವರು ಹತ್ತು ಜನ ಇದ್ದರು, ಸಾಕ್ಷಿ ಹೇಳಲು ಒಬ್ಬರೂ ಬಂದಿರಲಿಲ್ಲ. ಮುಕಾದಮನ ಕೈಕೆಳಗೆ ನಾಳೆಯೂ ದುಡಿಯಬೇಕಲ್ಲ. ಅವಳ ಮಾತೊಂದೇ ಅವಳ ಆಸ್ತಿ, ಆ ಮಾತು ನನ್ನ ಬಾಯಿಯಿಂದ ದಾಟಬೇಕು.

"ನಾ ದುಭಾಷಿ," ಎಂದೆ. ಆ ಶಬ್ದ ಬಾಯಲ್ಲಿ ರುಚಿಯಾಯಿತು. "ನೀವು ಕನ್ನಡದಾಗ ಹೇಳ್ರಿ, ನಾ ಸಾಹೇಬ್ರಿಗೆ ಮರಾಠಿಯೊಳಗ ಹೇಳ್ತೀನಿ."

"ನಾ ಹೇಳಿದ್ದಷ್ಟೂ ಹೇಳ್ತೀಯೇನ ಯಪ್ಪಾ? ನಡುವ ಏನೂ ಬಿಡೂದಿಲ್ಲಲ್ಲ?"

"ಏನೂ ಬಿಡೂದಿಲ್ರಿ," ಎಂದೆ.

ಮ್ಯಾಜಿಸ್ಟ್ರೇಟ್ ಸಾಹೇಬರು ಮರಾಠಿಯವರು, ಕಿವಿ ಸ್ವಲ್ಪ ಮಂದ. ನನಗೆ ಪ್ರಮಾಣ ಮಾಡಿಸಿದರು. ಕೂಸನ್ನು ಹೊರಗೆ ಯಾರೋ ಹೆಂಗಸಿನ ಕೈಗೆ ಕೊಟ್ಟು ಅವಳು ಕಟಕಟೆ ಹತ್ತಿದಳು. ಶುರು ಮಾಡಿದಳು.

"ಕೂಸು ಮಲಿ ಕುಡ್ಯಾಕತ್ತಿತ್ತು ನಮ್ಮಪ್ಪಾ. ಏಳು ಅಂದ. ತಡೀರಿ, ಕುಡೀಲಿ ಅಂದೆ ನಮ್ಮಪ್ಪಾ. ಮತ್ತ ಏಳು ಅಂದ."

ಪ್ರತಿ ಮಾತಿನ ಕೊನೆಗೆ ಆ "ನಮ್ಮಪ್ಪಾ" ಬಿಕ್ಕುತ್ತ ಎಳೆದು, ಏರಿಸಿ, ಒಮ್ಮೆಲೇ ಇಳಿಸುತ್ತಿದ್ದಳು. ದಬ್ಬೆ ಕಟ್ಟಿದ ಕೈ ಅದರ ಜೊತೆ ಏರುತ್ತಿತ್ತು, ಇಳಿಯುತ್ತಿತ್ತು. ನಾನು ಮರಾಠಿಯಲ್ಲಿ ಹೇಳಿದೆ. ಮೊದಲ ಎರಡು ಮಾತು ಸರಿಯಾಗಿ, ಮೆಲ್ಲಗೆ ಹೇಳಿದೆ. ಸಾಹೇಬರು ಕಿವಿಗೆ ಕೈ ಹಚ್ಚಿ, "ಕೇಳಿಸುವುದಿಲ್ಲ, ಜೋರಾಗಿ," ಎಂದು ಗದರಿದರು. ಶಿರಸ್ತೇದಾರರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ದನಿ ಓಡಿಹೋಯಿತು.

ಆಮೇಲೆ ಬಂದದ್ದು ಅವಳ ದನಿ. ಮರಾಠಿ ಮಾತು, ಅವಳ ದನಿ. ಬಿಕ್ಕು, ಏರಿಳಿತ, ಕೊನೆಯ ಎಳೆತ, ನನ್ನ ಎಡಗೈ ಕೂಡ ಎದೆಯ ಮಟ್ಟಕ್ಕೆ ಎದ್ದು ಇಳಿಯುತ್ತಿತ್ತು. ನನಗೆ ಗೊತ್ತೇ ಆಗಲಿಲ್ಲ ಎಂದರೆ ನಂಬುತ್ತೀರಾ? ನಂಬದಿದ್ದರೆ ನಿಮ್ಮ ತಪ್ಪಲ್ಲ. ಇನ್ನೂ ನಾಚಿಕೆಯ ಸಂಗತಿ ಬೇರೆ ಇದೆ. ಎಲ್ಲೋ ಒಳಗೆ ನನಗೆ ಖುಷಿಯಾಗುತ್ತಿತ್ತು. ಅವಳು ಹೇಳಿದ್ದರಲ್ಲಿ ಒಂದು ಉಸಿರೂ ಸೋರಿಹೋಗದಂತೆ ದಾಟಿಸುತ್ತಿದ್ದೇನೆ, ಎಂಥ ದುಭಾಷಿ ನಾನು ಎಂದು ಹಿಗ್ಗುತ್ತಿದ್ದೆ. ಮೇಳದಲ್ಲಿ ಕೂಡ ನಾನು ಅಷ್ಟು ಚೆನ್ನಾಗಿ ಮಾಡಿರಲಿಲ್ಲ.

ಮೊದಲು ನಕ್ಕವನು ಮುಕಾದಮನ ವಕೀಲ. ಆಮೇಲೆ ಬಾಗಿಲಲ್ಲಿ ನಿಂತ ಪಟ್ಟೇವಾಲಾ. ಆಮೇಲೆ ಹಿಂದಿನ ಬೆಂಚಿನವರೆಲ್ಲ. ಗಂಡಸೊಬ್ಬ ಕೋಟು ರುಮಾಲು ಹಾಕಿಕೊಂಡು ಕಲ್ಲು ಒಡೆಯುವವಳ ಹಾಗೆ ಮರಾಠಿಯಲ್ಲಿ ಅಳುತ್ತಿದ್ದಾನೆ, ನಗದೆ ಏನು ಮಾಡುತ್ತಾರೆ? ಸಾಹೇಬರು ಮೀಸೆಯ ಮೇಲೆ ಕೈ ಇಟ್ಟುಕೊಂಡಿದ್ದರು, ಆದರೆ ಹೆಗಲು ಅಲುಗುತ್ತಿತ್ತು. ನಗೆ ಕೇಳಿ ನನಗೆ ಎಚ್ಚರ ಬಂತು. ಬಾಯಿ ಮುಚ್ಚಿದೆ.

ಅವಳಿಗೆ ಮರಾಠಿ ಬರುತ್ತಿರಲಿಲ್ಲ. ಆದರೆ ತನ್ನ ಅಳು ಯಾರಿಗೆ ಗುರುತಾಗುವುದಿಲ್ಲ? ನನ್ನನ್ನೇ ನೋಡುತ್ತಿದ್ದಳು. ಕಣ್ಣು ಒಣಗಿದ್ದವು.

"ನಾ ಅಳೂದು ನಿನಗ ಆಟ ಆತೇನ?" ಎಂದಳು.

ಅವಳೇನು ಹೇಳಿದಳು ಎಂದು ಸಾಹೇಬರು ಕೇಳಿದರು. ಪ್ರಮಾಣ ಮಾಡಿದ್ದೆ, ಹೇಳಬೇಕು. ಹೇಳಿದೆ. ಆ ಒಂದು ಮಾತಿಗೆ ಯಾರೂ ನಗಲಿಲ್ಲ. ಮುಂದೆ ಏನಾಯಿತು ಹೇಳು ಎಂದು ಸಾಹೇಬರು ಅವಳಿಗೆ ಎರಡು ಸಲ ಹೇಳಿಸಿದರು, ಸಮಾಧಾನದಿಂದಲೇ ಹೇಳಿಸಿದರು. ಅವಳು ತಲೆ ಅಲ್ಲಾಡಿಸಿದಳು.

"ಹೇಳೂದು ಮುಗೀತು. ನಾ ಏನೂ ಹೇಳಂಗಿಲ್ಲ."

ಹೊಡೆದದ್ದು ಯಾರು, ಯಾವುದರಿಂದ ಎಂಬ ಮಾತು ಇನ್ನೂ ಬಂದೇ ಇರಲಿಲ್ಲ. ಕೂಸು ಹಾಲು ಕುಡಿಯುತ್ತಿತ್ತು, ಏಳು ಅಂದರು, ಇಷ್ಟೇ ಕಾಗದದ ಮೇಲೆ ಇತ್ತು. "ಹಂಗ ಮಾಡಬ್ಯಾಡ್ರಿ, ಹೇಳ್ರಿ, ಕೇಸು ಹೋಗತದ," ಎಂದು ನಾನು ಬೇಡಿಕೊಂಡೆ. ದುಭಾಷಿ ಸ್ವಂತ ಮಾತಾಡಬಾರದೆಂದು ಮುಕಾದಮನ ವಕೀಲ ಆಕ್ಷೇಪ ಎತ್ತಿದ, ಅದು ಕಾಯದೆಯ ಪ್ರಕಾರ ಸರಿಯೂ ಆಗಿತ್ತು. ಸಾಹೇಬರು ಊಟಕ್ಕೆ ಎದ್ದರು. ಬಂದ ಮೇಲೆ ತೀರ್ಪು ಎಂದರು.

ಹಿಂದಿನ ಬಾವಿಯ ಕಟ್ಟೆಯ ಮೇಲೆ ಕೂತೆ. ಗೊತ್ತುಮಾಡಿಕೊಂಡ ಪ್ರಕಾರ ಲೆಕ್ಕ ಸರಳವಾಗಿತ್ತು, ಕೆಟ್ಟಿತು, ಸೋಮವಾರ ಸ್ಟೇಶನ್ನಿಗೆ ಹೋಗಬೇಕು. ಅಪ್ಪ ಹೇಳಿದ್ದೇ ಸರಿ, ಈ ಬಾಯಿ ನಗಿಸುವುದಕ್ಕೇ ಹುಟ್ಟಿದ್ದು, ನಗಬೇಕೆಂದೇ ಬಂದು ಕೂತವರನ್ನು ನಗಿಸಿದರೆ ಯಾರ ಕೈಯೂ ಮುರಿಯುವುದಿಲ್ಲ, ಯಾರ ಕೇಸೂ ಹೋಗುವುದಿಲ್ಲ. ಹಾಸಿಗೆ ಕಟ್ಟುವುದನ್ನು ಯೋಚಿಸುತ್ತಿದ್ದೆ. ಆಗ ಶಿರಸ್ತೇದಾರರು ಎಲೆಯಡಿಕೆ ಜಗಿಯುತ್ತ ಬಂದರು. ಬೈಯುತ್ತಾರೆಂದು ಎದ್ದು ನಿಂತೆ. ಅವರು ಬೆನ್ನು ತಟ್ಟಿದರು.

"ಎಂಥಾ ಮನಷ್ಯಾನೋ ನೀನು. ಸಾಹೇಬ್ರು ನಕ್ಕಿದ್ದು ನಾ ಯಾವತ್ತೂ ನೋಡಿದ್ದಿಲ್ಲ. ಊಟಕ್ಕ ಕುಂತಾಗನೂ ನಿಂದ ಮಾತು. ಸೋಮವಾರದಿಂದ ಬಾ. ಅರ್ಜಿ ನಾ ಬರಸ್ತೀನಿ."

"ಆಕಿ ಕೇಸು ಹೋತಲ್ರಿ," ಎಂದೆ.

"ಆಕೀನ ಸುಮ್ಮಾದ್ಲು. ನೀ ಏನ್ ಮಾಡ್ತಿ? ದಿನಾ ಹತ್ತು ಬರತಾವ ಇಂಥಾವು."

ಎರಡು ವರ್ಷ ಕಾದ ನೌಕರಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದಿತ್ತು, ಆದರೆ ಈ ರೀತಿ ಅದು ನನಗೆ ಬೇಡವಾಯಿತು. ಕಂಪನಿಗೆ ಹೋಗುವುದೇ ಮರ್ಯಾದೆ ಎನಿಸಿತು. ನಾನು ತಲೆ ತಗ್ಗಿಸಿದ್ದನ್ನು ಅವರು ವಿನಯ ಎಂದುಕೊಂಡು ಹೋದರು.

ಸಾಹೇಬರು ಬಂದು ನಾಲ್ಕು ಸಾಲಿನ ತೀರ್ಪು ಓದಿದರು. ಮುಕಾದಮ ಕೈಮುಗಿದು, ಪಗಡಿ ಸರಿಮಾಡಿಕೊಂಡು ಹೊರಗೆ ನಡೆದ. ಅವಳು ಏನೂ ತಿಳಿಯದೆ ಅಲ್ಲೇ ನಿಂತಿದ್ದಳು. ತೀರ್ಪನ್ನು ತಿಳಿಸುವುದು ದುಭಾಷಿಯ ಕೆಲಸ. ಹತ್ತಿರ ಹೋದೆ. ಇಂಥ ಹೊತ್ತಿನಲ್ಲಿ ಸಾಹೇಬರ ಗಡಸು ದನಿ ಬಂದುಬಿಡುತ್ತದೆ, ಇಲ್ಲವೆ ಮತ್ತೆ ಅವಳದೇ ಬರುತ್ತದೆ ಎಂದು ಹೆದರಿ ಹಲ್ಲು ಕಚ್ಚಿಕೊಂಡೆ. ಒಂದೊಂದೇ ಶಬ್ದವನ್ನು ಬಾವಿಯಿಂದ ಕೊಡ ಸೇದಿದ ಹಾಗೆ ಎಳೆದು ಹೊರಗೆ ಹಾಕಿದೆ.

"ಫಿರ್ಯಾದಿ ವಜಾ ಆತ್ರಿ. ಸಾಕ್ಷಿ ಪೂರಾ ಆಗಲಿಲ್ಲ ಅಂತ ಸಾಹೇಬ್ರು ಬರದಾರ. ಮುಕಾದಮನ್ನ ಬಿಟ್ಟಾರ."

ಒಣ ದನಿ. ಏರಿಲ್ಲ, ಇಳಿವಿಲ್ಲ. ಆದರೆ ನನ್ನದು.

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಬಾಗಿಲ ಬಳಿ ಕೂಸನ್ನು ಇಸಿದುಕೊಂಡಳು. ಬಲಗೈಯಿಂದ ಅದರ ತಲೆಯ ಮೇಲಿನ ಬಟ್ಟೆ ಸರಿಮಾಡಿ, ನನ್ನ ಕಡೆ ತಿರುಗಿದಳು.

"ಹಿಂಗ ಹೇಳಾಕ ಬರತಿತ್ತಲ್ಲ ನಿನಗ," ಎಂದಳು. "ಮುಂಜಾನಿ ಯಾಕ ಹೇಳಲಿಲ್ಲ?"

ಉತ್ತರಕ್ಕೆ ಕಾಯದೆ ಮೆಟ್ಟಿಲು ಇಳಿದುಹೋದಳು.

ಸೋಮವಾರ ನಾನು ಸ್ಟೇಶನ್ನಿಗೆ ಹೋಗಲಿಲ್ಲ. ಕಂಪನಿಯ ಗಾಡಿ ಲೋಣಾವಳಾದ ಘಾಟು ಇಳಿಯುವ ಹೊತ್ತಿಗೆ ನಾನು ಕೋರ್ಟಿನಲ್ಲಿದ್ದೆ. ಅವಳ ಆ ಮಾತಿಗೆ ಉತ್ತರ ಕೊಡುವ ಜಾಗ ಅದೊಂದೇ ಎಂದು ನನಗೆ ಅನಿಸಿತ್ತು. ಅಪ್ಪ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮುಂದಿನ ಗಣಪತಿಗೆ ಮೇಳದ ಹುಡುಗರು ಬಂದು ಕರೆದರು, ಹೋಗಲಿಲ್ಲ. ಮನೆಯಲ್ಲಿ ಕೂಡ ಯಾರ ದನಿಯನ್ನೂ ತೆಗೆಯಲಿಲ್ಲ. ಶಿರಸ್ತೇದಾರರು ಎರಡು ಮೂರು ಕೇಸು ನೋಡಿ, "ಆವತ್ತಿನ ರುಚಿ ಇಲ್ಲಲ್ಲೋ," ಎಂದು ಬೇಜಾರುಪಟ್ಟರು. ಆದರೆ ಅರ್ಜಿ ಆಗಲೇ ಮಂಜೂರಾಗಿತ್ತು.

ಪೆನ್ಶನ್ ಬರುವ ತನಕ ಅದೇ ಕೆಲಸ ಮಾಡಿದೆ. ವಕೀಲರು ನನಗೆ ಕಟ್ಟಿಗೆ ಎಂದು ಹೆಸರಿಟ್ಟಿದ್ದರು. ಸಾಕ್ಷಿ ಬೈದರೆ ಬೈಗುಳದ ಶಬ್ದ ಹೇಳುತ್ತಿದ್ದೆ, ಸಿಟ್ಟು ಹೇಳುತ್ತಿರಲಿಲ್ಲ. ಹೆಂಗಸು ಅತ್ತರೆ "ಸಾಕ್ಷಿದಾರಳು ಅಳುತ್ತಿದ್ದಾಳೆ" ಎನ್ನುತ್ತಿದ್ದೆ, ಕಾರಕೂನ ಅದನ್ನು ಬರೆದುಕೊಳ್ಳುತ್ತಿದ್ದ, ಸಾಹೇಬರು ಕಾಗದದಿಂದ ತಲೆ ಎತ್ತುತ್ತಿರಲಿಲ್ಲ. ಆಮೇಲೆ ಆ ಹೆಂಗಸಿನ ಕೇಸು ಬಿದ್ದುಹೋಗುತ್ತಿತ್ತು. ಎಲ್ಲವೂ ಅಲ್ಲ, ಆದರೆ ಬಿದ್ದವು ನನಗೆ ನೆನಪಿವೆ. ಪ್ರತಿ ಸಲವೂ ಕಟಕಟೆಯಲ್ಲಿ ನಿಂತವಳ ಅಳು ಅವಳದೇ ಏರಿಳಿತದ ಸಮೇತ ನನ್ನ ಗಂಟಲಿನವರೆಗೆ ಬಂದು ನಿಂತಿರುತ್ತಿತ್ತು, ನಾನು ಹಲ್ಲು ಕಚ್ಚಿ ತಡೆಯುತ್ತಿದ್ದೆ. ಒಂದು ಸಲ ಆ ಅಳುವನ್ನು ಹೊರಗೆ ಬಿಟ್ಟಿದ್ದರೆ ಸಾಹೇಬರು ತಲೆ ಎತ್ತಿ ನೋಡುತ್ತಿದ್ದರು. ನಗುತ್ತಿದ್ದರೋ, ನಂಬುತ್ತಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ.